ಗ್ಲಾಸಿನೊಳಗಿನ ಬಗ್ಗಡ

ಸೇಲಂ, ಧರ್ಮಪುರಿ ಸೀಮೆಯಲ್ಲಿ ತಾಳೆಮರದ ರಸಕ್ಕೆ ಎರಡು ಹಣೆಬರಹ. ಮಡಕೆಯ ಒಳಮೈಗೆ ಸುಣ್ಣ ಬಳಿದು ಮರಕ್ಕೆ ಕಟ್ಟಿದರೆ ಬೆಳಗ್ಗೆ ಸಿಗುವುದು ಪದನೀರು. ಸುಣ್ಣ ತಳಕ್ಕಿಳಿದ ಮೇಲೆ ಅದು ತಿಳಿಯಾಗಿ, ಸಿಹಿಯಾಗಿ ಇರುತ್ತದೆ. ಸುಣ್ಣವಿಲ್ಲದ ಮಡಕೆಯಲ್ಲಿ ಅದೇ ರಸ ಕೆಲವೇ ಗಂಟೆಗಳಲ್ಲಿ ಹುಳಿಯೆದ್ದು, ಹಾಲಿನ ಹಾಗೆ ಬೆಳ್ಳಗಾಗಿ, ಕಳ್ಳಾಗಿಬಿಡುತ್ತದೆ. ಆ ಬಿಳುಪು ಹೊರಗಿನಿಂದ ಬೆರೆತ ಕೊಳೆಯಲ್ಲ. ಸಕ್ಕರೆ ತಿಂದು ಲೆಕ್ಕವಿಲ್ಲದಷ್ಟು ಬೆಳೆದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳೇ ಅಲ್ಲಿ ತೇಲುತ್ತಿರುತ್ತವೆ.

ಮನೆಯಲ್ಲಿ ಬಿಯರ್ ಮಾಡುವವರ ಹಳೆಯ ಗೋಳೂ ಇಂಥ ಬಿಳುಪಿನದೇ: ಕುಡಿಯಲು ಅಡ್ಡಿಯಿಲ್ಲ, ನೋಡಲು ಮಾತ್ರ ಬಗ್ಗಡ.

ಇದೇ ಸೇಲಂ ಸೀಮೆಯ ನಂಗವಳ್ಳಿಯಲ್ಲಿ ಯಾರೂ ಇದನ್ನು ಓದಿ ಪಾತ್ರೆ ಒಲೆಗಿಡುವ ಹಾಗಿಲ್ಲ. ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿದ್ದ ರಾಜಾಜಿ ಪಾನನಿಷೇಧವನ್ನು ಮೊದಲು ತಂದದ್ದು ಸೇಲಂ ಜಿಲ್ಲೆಗೇ, 1937ರ ಅಕ್ಟೋಬರ್ 1ರಂದು. ಧರ್ಮಪುರಿಯೂ ಆಗ ಅದೇ ಜಿಲ್ಲೆಯೊಳಗಿತ್ತು. ಆಮೇಲೆ ಕಾನೂನು ಹಲವು ಬಾರಿ ಸಡಿಲವಾಯಿತು, ಬಿಗಿಯಾಯಿತು. 1987ರ ಜನವರಿ 1ರಿಂದ ತಮಿಳುನಾಡಿನಲ್ಲಿ ಕಳ್ಳಿಗೂ ನಿಷೇಧ. ಮನೆಯಲ್ಲಿ ಬಿಯರ್ ಮಾಡುವುದು ಅಲ್ಲಿ ಅಪರಾಧ. ಕರ್ನಾಟಕದಲ್ಲೂ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳ ಮಾತು ಬೇರೆ. ಅಲ್ಲಿ 1978ರ ಕೇಂದ್ರ ಕಾಯ್ದೆಯ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯವರು ಸ್ವಂತಕ್ಕೆಂದು ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ಮಾಡಬಹುದು. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಮಾತ್ರ 2013ರವರೆಗೂ ಒಪ್ಪಿರಲಿಲ್ಲ.

ಬಗ್ಗಡವನ್ನು ತೆಗೆಯುವ ಮೊದಲು ಅದು ಯಾವುದರ ಬಗ್ಗಡ ಎಂದು ತಿಳಿಯಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ಕಂಡ ಪುಡಿಯನ್ನೆಲ್ಲ ತಂದು ಸುರಿಯುತ್ತಾರೆ. ಆದರೆ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲ ಅನುಮಾನ ಪಿಷ್ಟದ ಮೇಲೆ. ಮಾಲ್ಟ್ ಎಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ. ಅದರ ಪುಡಿಯನ್ನು 65ರಿಂದ 67 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆಯಷ್ಟು ಹೊತ್ತು ಇಟ್ಟರೆ, ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಅವಸರ ಮಾಡಿದರೆ ಪಿಷ್ಟ ಉಳಿದು, ಕೊನೆಯವರೆಗೂ ಬಿಯರಿನಲ್ಲಿ ತೇಲುತ್ತದೆ. ಪರೀಕ್ಷೆ ಸುಲಭ: ಬಿಳಿ ತಟ್ಟೆಯ ಮೇಲೆ ಒಂದು ಹನಿ ಮಾಲ್ಟಿನ ರಸ, ಅದಕ್ಕೊಂದು ಹನಿ ಅಯೋಡಿನ್. ನೀಲಿಗಪ್ಪಾದರೆ ಪಿಷ್ಟ ಇನ್ನೂ ಇದೆ. ಆ ಹನಿಯನ್ನು ಮತ್ತೆ ಪಾತ್ರೆಗೆ ಹಾಕದೆ ಚೆಲ್ಲಬೇಕು.

ಎರಡನೆಯ ಬಗ್ಗಡ ಹೆಚ್ಚು ತಮಾಷೆಯದು. ಬೆಳಕಿಗೆ ಹಿಡಿದಾಗ ತಿಳಿಯಾಗಿದ್ದ ಬಿಯರ್ ಫ್ರಿಜ್ಜಿಗೆ ಹೋಗಿ ಬಂದರೆ ಮಂಜು ಮುಸುಕುತ್ತದೆ. ಬೆಚ್ಚಗಾದರೆ ಮತ್ತೆ ತಿಳಿ. ಕಾಳಿನ ಪ್ರೋಟೀನು ಮತ್ತು ಸಿಪ್ಪೆ, ಹಾಪ್ಸ್ ಹೂಗಳಿಂದ ಬರುವ ಒಗರಿನ ಅಂಶ ತಣ್ಣಗಾದಾಗ ಕೈಹಿಡಿದು, ಬಿಸಿಯಾದಾಗ ಕೈಬಿಡುತ್ತವೆ. ರುಚಿಗೆ ಇದರಿಂದ ಬಾಧಕವಿಲ್ಲ. ಒಲೆಯ ಮೇಲೆ ರಸವನ್ನು ಕೊತಕೊತ ಒಂದು ಗಂಟೆ ಕುದಿಸಿದರೆ ಪ್ರೋಟೀನು ಒಡೆದ ಹಾಲಿನ ತುಣುಕುಗಳಂತೆ ಗಟ್ಟಿಯಾಗುತ್ತದೆ. ಕುದಿ ಮುಗಿದೊಡನೆ ಮಂಜುಗಡ್ಡೆಯ ನೀರಿನಲ್ಲಿಟ್ಟು ಬೇಗ ತಣಿಸಿದರೆ ಉಳಿದದ್ದೂ ಗಸಿಯಾಗಿ ಇಳಿಯುತ್ತದೆ. ನಿಧಾನವಾಗಿ ಆರಲು ಬಿಟ್ಟವರ ಬಿಯರ್ ಬಗ್ಗಡವಾಗುವುದೇ ಹೆಚ್ಚು.

ಕುದಿಯ ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ ಐರಿಷ್ ಮಾಸ್ ಎಂಬ ಕಡಲಪಾಚಿಯನ್ನು ಚಿಟಿಕೆಯಷ್ಟು ಹಾಕುವುದುಂಟು. ಅದರಲ್ಲಿನ ಲೋಳೆ ಪ್ರೋಟೀನನ್ನು ಸೆಳೆದು ಮುದ್ದೆ ಮಾಡುತ್ತದೆ. ನಂಗವಳ್ಳಿಯ ನೆರೆಯ ಓಮಲೂರು ಬೆಲ್ಲಕ್ಕೆ ಹೆಸರಾದ ಊರು. ಆಲೆಮನೆ ಕಂಡವರಿಗೆ ಈ ಲೋಳೆಯ ಉಪಾಯ ಹೊಸದಲ್ಲ: ಕೊಪ್ಪರಿಗೆಯ ಕಬ್ಬಿನಹಾಲಿಗೆ ಬೆಂಡೆಗಿಡದ ಲೋಳೆ ಬಿಟ್ಟರೆ ಕೊಳೆಯೆಲ್ಲ ಅಂಟಿ ನೊರೆಯಾಗಿ ಮೇಲೇಳುತ್ತದೆ, ಜಾಲರಿಯಿಂದ ಎತ್ತಿ ಹಾಕುತ್ತಾರೆ. ಬಿಯರಿನಲ್ಲಿ ಕೊಳೆ ತಳಕ್ಕೆ, ಬೆಲ್ಲದಲ್ಲಿ ಮೇಲಕ್ಕೆ, ಅಷ್ಟೇ ವ್ಯತ್ಯಾಸ. ಬೆಂಡೆಯ ಬದಲು ಹೈಡ್ರೋಸ್ ಎಂಬ ರಾಸಾಯನಿಕ ಸುರಿದು ಬೆಲ್ಲವನ್ನು ಹಳದಿ ಮಾಡುವವರೂ ಇದ್ದಾರೆ. ಅದು ತಿಳಿ ಮಾಡುವುದಲ್ಲ, ಬರೀ ಬಣ್ಣ ತೆಗೆಯುವುದು.

ಮೂರನೆಯದು ಯೀಸ್ಟ್. ಕೆಲವು ತಳಿಗಳು ಕೆಲಸ ಮುಗಿದ ಮೇಲೆ ಗುಂಪುಗೂಡಿ ತಾವೇ ತಳ ಸೇರುತ್ತವೆ, ಕೆಲವು ತಿಂಗಳಾದರೂ ತೇಲುತ್ತಲೇ ಇರುತ್ತವೆ. ಹುದುಗು ಪೂರ್ತಿ ಮುಗಿದ ಮೇಲೆ ಎರಡು ಮೂರು ದಿನ ಸೊನ್ನೆಯ ಹತ್ತಿರದ ಚಳಿಯಲ್ಲಿಟ್ಟರೆ ಬಹುಪಾಲು ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಜೆಲಾಟಿನ್ ಅಥವಾ ಐಸಿಂಗ್ಲಾಸ್. ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ಐಸಿಂಗ್ಲಾಸ್ ಮೀನಿನ ಗಾಳಿಚೀಲ. ಡಬ್ಲಿನ್ನಿನ ಗಿನ್ನೆಸ್ ಕಂಪನಿ ಬಹುಕಾಲ ಬಳಸುತ್ತಿದ್ದ ಐಸಿಂಗ್ಲಾಸನ್ನು ಬಿಡುವುದಾಗಿ ಘೋಷಿಸಿದ್ದು 2015ರಲ್ಲಿ.

ಇಷ್ಟೆಲ್ಲ ಪಾಡು ಏಕೆ? ಒಂದು ಕಾರಣ 1842ರದ್ದು. ಬೊಹೆಮಿಯಾದ ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಹೊಂಬಣ್ಣದ ತಿಳಿ ಬಿಯರನ್ನು ಇಳಿಸಿದ. ಗಾಜಿನ ಲೋಟಗಳು ಸಾಮಾನ್ಯರ ಕೈಗೆ ಬರುತ್ತಿದ್ದ ಕಾಲ ಅದು. ಒಳಗಿರುವುದು ಕಾಣತೊಡಗಿದ ಮೇಲೆ ತಿಳಿಗೆ ಬೆಲೆ ಬಂತು. ಹಾಗೆಂದು ಎಲ್ಲ ಬಗ್ಗಡವೂ ದೋಷವಲ್ಲ. ಬವೇರಿಯಾದ ಗೋಧಿ ಬಿಯರ್ ಸಾಮಾನ್ಯವಾಗಿ ಮಸುಕಾಗಿಯೇ ಇರುತ್ತದೆ. ಅದರ ಬಾಳೆಹಣ್ಣು, ಲವಂಗದ ಪರಿಮಳ ಯೀಸ್ಟಿನ ಕೊಡುಗೆ. 2010ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಶುರುವಾದ ಟಾಯಿಟ್ ಎಂಬ ಬ್ರೂಪಬ್ಬಿನಲ್ಲಿ ಆ ಬಗೆಯ ಬಿಯರ್ ಮಾಡುತ್ತಾರೆ. ಅದು ತಿಳಿಯಾಗಿಲ್ಲವೆಂದು ಗ್ಲಾಸನ್ನು ವಾಪಸ್ ಕಳಿಸುವವರು ಹೊಳಪಿನ ಬಾಟಲಿಯನ್ನೇ ಕೊಳ್ಳುವುದು ಮೇಲು.

ನಾಲ್ಕನೆಯ ಬಗ್ಗಡಕ್ಕೆ ಮಾತ್ರ ಮದ್ದಿಲ್ಲ. ಪಾತ್ರೆ, ಕೊಳವೆ ಸರಿಯಾಗಿ ತೊಳೆಯದಿದ್ದಾಗ ಬೇಡದ ಬ್ಯಾಕ್ಟೀರಿಯಾ ಸೇರಿ ಬಿಯರ್ ಕೆಡುತ್ತದೆ. ಮೂಗಿಗೆ ಹುಳಿ ಬಡಿದು, ಮೇಲೆ ಕೆನೆಯಂಥ ಪದರ ಕಂಡರೆ ಯಾವ ಪುಡಿಯನ್ನೂ ಹುಡುಕಬೇಡಿ, ಚೆಲ್ಲಿಬಿಡಿ. ವಾಸನೆ ಸರಿಯಿದ್ದು ಬರೀ ಮಸುಕಾಗಿದ್ದರೆ ಏನನ್ನೂ ಹಾಕುವ ಮೊದಲು ಒಂದು ವಾರ ಫ್ರಿಜ್ಜಿನಲ್ಲಿ ಅಲುಗಿಸದೆ ಇಡಿ. ಬಗ್ಗಿಸುವಾಗ ತಳದ ಎರಡು ಬೆರಳು ಗಸಿಯನ್ನು ಬಾಟಲಿಯಲ್ಲೇ ಬಿಡಿ.