ಡಿಲೀಟ್ ಮಾಡದಿದ್ದರೂ ಸೇರುವ ಹೂಳು

ಹೊಸಪೇಟೆಯ ಲಾಡ್ಜ್ ಇರಲಿ, ಸಂಡೂರಿನ ಅದಿರು ಲಾರಿಗಳ ವೇಬ್ರಿಡ್ಜ್ ಇರಲಿ, ಕಂಪ್ಲಿಯ ಅಕ್ಕಿ ಗಿರಣಿ ಇರಲಿ, ಬಿಲ್ ಹಾಕುವ ಸಾಫ್ಟ್‌ವೇರ್ ಹಿಂದೆ ಒಂದು ಡೇಟಾಬೇಸ್ ಇದ್ದೇ ಇರುತ್ತದೆ. ಅದು ನಿಧಾನವಾದಾಗ ಮೊದಲು ಕೇಳಿಬರುವ ಮಾತು: ‘ನಾವು ಏನನ್ನೂ ಡಿಲೀಟ್ ಮಾಡೋದೇ ಇಲ್ಲ, ಕಸ ಎಲ್ಲಿಂದ ಬಂತು?’

ಕಸ ಡಿಲೀಟ್‌ನಿಂದಷ್ಟೇ ಹುಟ್ಟುವುದಿಲ್ಲ. ವೇಬ್ರಿಡ್ಜ್‌ನಲ್ಲಿ ಆಗುವುದನ್ನೇ ನೋಡಿ. ಖಾಲಿ ಲಾರಿ ಬಂದಾಗ ಒಂದು ಸಾಲು ದಾಖಲಾಗುತ್ತದೆ: ಲಾರಿ ನಂಬರ್, ಸಮಯ, ಖಾಲಿ ತೂಕ. ಅದಿರು ತುಂಬಿಕೊಂಡು ಹೊರಟಾಗ ಅದೇ ಸಾಲಿಗೆ ಒಟ್ಟು ತೂಕ ಸೇರುತ್ತದೆ. ಕಂಪ್ಯೂಟರ್ ಮುಂದೆ ಕೂತವರಿಗೆ ಸಾಲು ಒಂದೇ. ಆದರೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹಳೆಯ ಸಾಲನ್ನು ತಿದ್ದುವುದಿಲ್ಲ. ಹೊಸ ಪ್ರತಿ ಬರೆದು ಹಳೆಯದನ್ನು ಹಾಗೇ ಬಿಡುತ್ತದೆ. ಅದೇ ಹೊತ್ತಿಗೆ ಆಫೀಸಿನಲ್ಲಿ ಯಾರೋ ದಿನದ ವರದಿ ತೆಗೆಯುತ್ತಿದ್ದರೆ ಅವರ ಲೆಕ್ಕ ನಡುವೆ ಬದಲಾಗಬಾರದಲ್ಲ, ಅದಕ್ಕೆ. ವರದಿ ಮುಗಿದ ಮೇಲೆ ಹಳೆಯ ಪ್ರತಿ ಯಾರಿಗೂ ಬೇಡ. ಅದು ಸತ್ತ ಸಾಲು. ಲಾರಿಗೊಂದರಂತೆ ಇವು ಸೇರುತ್ತ ಹೋಗುತ್ತವೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105.79. ಹೂಳನ್ನು ಯಾರೂ ತಂದು ಸುರಿದದ್ದಲ್ಲ, ಹೊಳೆ ಹರಿದಂತೆಲ್ಲ ಸೇರಿದ್ದು. ಡೇಟಾಬೇಸಿನದೂ ಅದೇ ಕಥೆ, ಆದರೆ ಇಲ್ಲಿ ಹೂಳೆತ್ತುವುದು ಸುಲಭ.

ಆ ಕೆಲಸದ ಹೆಸರು ವ್ಯಾಕ್ಯೂಮ್. ಇದರ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ: ವ್ಯಾಕ್ಯೂಮ್ ಆದಮೇಲೂ ಡಿಸ್ಕ್‌ನಲ್ಲಿ ಜಾಗ ಹೆಚ್ಚಾಗಲಿಲ್ಲ, ಹಾಗಾಗಿ ಅದು ಕೆಲಸ ಮಾಡಿಲ್ಲ ಎಂಬುದು. ವ್ಯಾಕ್ಯೂಮ್ ಸತ್ತ ಸಾಲುಗಳ ಜಾಗವನ್ನು ಅದೇ ಟೇಬಲ್ಲಿನ ಹೊಸ ಸಾಲುಗಳಿಗೆ ಬಿಟ್ಟುಕೊಡುತ್ತದೆ. ಫೈಲ್ ಸಾಮಾನ್ಯವಾಗಿ ಚಿಕ್ಕದಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಇದು ಗೊತ್ತಿಲ್ಲದೆ ದಿನಾ ‘ವ್ಯಾಕ್ಯೂಮ್ ಫುಲ್’ ಓಡಿಸುವವರಿದ್ದಾರೆ. ಅದು ಇಡೀ ಟೇಬಲ್ಲನ್ನು ಹೊಸದಾಗಿ ಬರೆಯುತ್ತದೆ, ಮುಗಿಯುವವರೆಗೆ ಆ ಟೇಬಲ್ಲಿಗೆ ಬೀಗ. ಓದಲೂ ಆಗದು, ಬರೆಯಲೂ ಆಗದು, ಲಾರಿಗಳು ಸಾಲಾಗಿ ನಿಲ್ಲುತ್ತವೆ. ಎಸ್‌ಕ್ಯುಎಲ್ ಸರ್ವರ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ದಿನಾ ಶ್ರಿಂಕ್ ಮಾಡಿ ಫೈಲ್ ಕುಗ್ಗಿಸುವುದೂ ಇಂಥದ್ದೇ: ಇಂಡೆಕ್ಸ್‌ಗಳು ಚೂರುಚೂರಾಗುತ್ತವೆ, ಮರುದಿನ ಫೈಲ್ ಮತ್ತೆ ಬೆಳೆಯುತ್ತದೆ.

ಇನ್ನೊಂದು ಸಲಹೆ ಎಲ್ಲಕ್ಕಿಂತ ಅಪಾಯದ್ದು: ‘ಆಟೋವ್ಯಾಕ್ಯೂಮ್ ಸಿಸ್ಟಂ ಎಳೆಯುತ್ತೆ, ಆಫ್ ಮಾಡಿ.’ 2008ರ 8.3 ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ, ವ್ಯಾಕ್ಯೂಮನ್ನು ಆಗಾಗ ಓಡಿಸುವ ಈ ವ್ಯವಸ್ಥೆ ತಾನಾಗಿಯೇ ಆನ್ ಇರುತ್ತದೆ, ಹಾಗಿರುವುದಕ್ಕೆ ಕಾರಣವೂ ಇದೆ. ಡೇಟಾ ಬದಲಿಸುವ ಪ್ರತಿ ವಹಿವಾಟಿಗೂ ಒಂದು ಸಂಖ್ಯೆ ಸಿಗುತ್ತದೆ; ಹಳೆಯ ಸಾಲುಗಳನ್ನು ವ್ಯಾಕ್ಯೂಮ್ ಸ್ಥಿರಗೊಳಿಸದಿದ್ದರೆ ಸುಮಾರು 200 ಕೋಟಿ ಸಂಖ್ಯೆಗಳಾಗುವ ಹೊತ್ತಿಗೆ ಡೇಟಾಬೇಸ್ ಹೊಸ ಬರಹವನ್ನೇ ನಿಲ್ಲಿಸುತ್ತದೆ. ಅದಕ್ಕೇ, ನೀವು ಆಫ್ ಮಾಡಿದ್ದರೂ ಟೇಬಲ್ಲಿನ ವಯಸ್ಸು 20 ಕೋಟಿ ವಹಿವಾಟು ದಾಟಿದರೆ ಅದು ಎದ್ದು ಕೂರುತ್ತದೆ, ಬಹುಶಃ ನಿಮಗೆ ಬೇಡದ ಹೊತ್ತಿನಲ್ಲಿ. ನನ್ನ ಅನುಭವದಲ್ಲಿ ಸಿಸ್ಟಂ ಎಳೆಯುವುದು ಆಟೋವ್ಯಾಕ್ಯೂಮ್ ಹೆಚ್ಚು ಓಡಿದ್ದರಿಂದಲ್ಲ, ತಡವಾಗಿ ಓಡಿದ್ದರಿಂದ. ಮೊದಲೇ ಇಟ್ಟಿರುವ ಲೆಕ್ಕದಂತೆ ಟೇಬಲ್ಲಿನ ಶೇ 20ರಷ್ಟು ಸಾಲುಗಳು, ಜೊತೆಗೆ ಇನ್ನೊಂದು 50, ಸತ್ತಮೇಲೆ ಅದು ಶುರುವಾಗುತ್ತದೆ. ಒಂದು ಕೋಟಿ ಸಾಲಿನ ಟೇಬಲ್ಲಿಗೆ 20 ಲಕ್ಷ! ಆ ಒಂದು ಟೇಬಲ್ಲಿಗೆ ಮಾತ್ರ ಶೇ 2ಕ್ಕೆ ಇಳಿಸಿ. ಕೆಲಸ ಸಣ್ಣಸಣ್ಣದಾಗಿ, ಆಗಾಗ ನಡೆಯುತ್ತದೆ.

‘ರಾತ್ರಿ ಎರಡಕ್ಕೆ ಜಾಬ್ ಹಾಕಿದೀನಿ’ ಅನ್ನುವವರಿಗೆ ಒಂದು ಪ್ರಶ್ನೆ: ಆ ಹೊತ್ತಿಗೆ ಗಿರಣಿಯ ಕಂಪ್ಯೂಟರ್ ಆನ್ ಇರುತ್ತದೆಯೇ? ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ, ತಪ್ಪಿಹೋದ ಕೆಲಸವನ್ನು ಸಾಧ್ಯವಾದ ಕೂಡಲೇ ಮಾಡು ಎಂಬ ಆಯ್ಕೆಯನ್ನು ಟಿಕ್ ಮಾಡಬೇಕು. ಎಸ್‌ಕ್ಯುಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲವಾದ್ದರಿಂದ ಅಲ್ಲಿಗೆ ಇದೇ ದಾರಿ. ಮರಿಯಾಡಿಬಿ ಎಂಬ ಡೇಟಾಬೇಸಿನಲ್ಲಿ ಈವೆಂಟ್ ಶೆಡ್ಯೂಲರ್ ಆಫ್ ಆಗಿಯೇ ಬರುತ್ತದೆ. ಈವೆಂಟ್ ಬರೆದಿಟ್ಟರೂ ಅದು ಓಡುವುದಿಲ್ಲ.

ಇಷ್ಟೆಲ್ಲ ಯಂತ್ರಕ್ಕೆ ಬಿಡಬಹುದಾದ ಕೆಲಸ. ಸ್ಕ್ರಿಪ್ಟ್ ಡೇಟಾವನ್ನೇ ‘ಸರಿ’ ಮಾಡಿಬಿಡುತ್ತದೆ ಎಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಉದಾಹರಣೆಗೆ, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹಂಪಿ, ಹೊಸಪೇಟೆ ಅದಕ್ಕೆ ಸೇರಿದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ‘ಬಳ್ಳಾರಿ’ ಇದ್ದಲ್ಲೆಲ್ಲ ‘ವಿಜಯನಗರ’ ಎಂದು ಬದಲಿಸುವ ಒಂದು ಸಾಲಿನ ಸ್ಕ್ರಿಪ್ಟ್ ಕಂಪ್ಲಿಯ ಗ್ರಾಹಕರ ಜಿಲ್ಲೆಯನ್ನೇ ಬದಲಿಸಿಬಿಡುತ್ತದೆ. 2019ರ ಹೊಸಪೇಟೆ ಬಿಲ್ಲಿನಲ್ಲಿ ಬಳ್ಳಾರಿ ಎಂದಿರುವುದು ತಪ್ಪೂ ಅಲ್ಲ, ಆಗ ಅದು ಬಳ್ಳಾರಿಯೇ ಆಗಿತ್ತು. ಗ್ರಾಹಕರ ಈಗಿನ ವಿಳಾಸವನ್ನು ತಿದ್ದಿ, ಹಳೆಯ ಬಿಲ್ಲನ್ನು ಮುಟ್ಟಬೇಡಿ.

ಹಳೆಯದೆಲ್ಲ ಕಸವೂ ಅಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಉಳಿಸಿಕೊಳ್ಳಬೇಕು, ವ್ಯಾಜ್ಯವಿದ್ದರೆ ಇನ್ನೂ ಹೆಚ್ಚು. ಐದು ವರ್ಷಕ್ಕಿಂತ ಹಳೆಯದನ್ನು ಅಳಿಸು ಎಂಬ ಜಾಬ್ ಎಲ್ಲಾದರೂ ಓಡುತ್ತಿದ್ದರೆ ಇವತ್ತೇ ನಿಲ್ಲಿಸಿ, ನಿಮ್ಮ ಆಡಿಟರ್ ಜೊತೆ ಕೂತು ಅವಧಿ ಗೊತ್ತುಮಾಡಿಕೊಳ್ಳಿ. ಆಮೇಲೆ ಅಳಿಸುವಾಗಲೂ ಮೊದಲು ಎಷ್ಟು ಸಾಲು ಹೋಗುತ್ತವೆ ಎಂದು ಎಣಿಸಿ, ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ರೀಸ್ಟೋರ್ ಮಾಡಿ ನೋಡಿ, ಐದೈದು ಸಾವಿರದಂತೆ ಅಳಿಸಿ.