ಹಳೆಯ ಜಿಪ್ಸಿಯೂ ಎರೆಯ ಮಣ್ಣೂ

ನನ್ನ ಅಜ್ಜ ಪರಊರಿಗೆ ಹೊರಡುವ ಮುನ್ನ ಚಕ್ಕಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದ. ಎತ್ತಿನ ಕೊರಳ ಗಂಟೆಯನ್ನಾಗಲಿ, ಕೋಡಿಗೆ ಕಟ್ಟಿದ ಗೊಂಡೆಯನ್ನಾಗಲಿ ಅವನು ನೋಡುತ್ತಿರಲಿಲ್ಲ. ಬಗ್ಗಿ, ಕಡಾಣಿ ಭದ್ರವಾಗಿದೆಯೇ ಎಂದು ಅಲುಗಿಸಿ, ಅಚ್ಚಿಗೆ ಕೀಲೆಣ್ಣೆ ಬಿದ್ದಿದೆಯೇ ಎಂದು ಬೆರಳಿನಿಂದ ಪರೀಕ್ಷಿಸಿ, ಆಮೇಲೆ ಹತ್ತಿ ಕೂಡುತ್ತಿದ್ದ. ಗೊಂಡೆ ಕಟ್ಟುವ ಕೆಲಸ ಮಕ್ಕಳಾದ ನಮ್ಮದು. ನಮಗಾದರೋ ಗೊಂಡೆಯೇ ಪ್ರಯಾಣದ ಸರ್ವಸ್ವವಾಗಿತ್ತು. ಐವತ್ತು ವರ್ಷಗಳ ತರುವಾಯ ಒಂದು ಹಳೆಯ ಜಿಪ್ಸಿ ಗಾಡಿ ನನ್ನ ಎಡಗೈಯನ್ನು ಮುರಿದಾಗ ಈ ಚಿತ್ರ ಮತ್ತೆ ಕಣ್ಣ ಮುಂದೆ ಬಂದಿತು.

ನಾನು ಸಿಂದಗಿಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು. ಮೋಟಾರು ಯಂತ್ರಗಳ ವಿಷಯವಾಗಿ ಬರೆಯಲು ಈತನಿಗೆ ಯಾವ ಅಧಿಕಾರವೆಂದು ವಾಚಕರು ಕೇಳಿಯಾರು. ಆ ಮುರಿದ ಕೈಯೇ ನನ್ನ ಅಧಿಕಾರಪತ್ರ.

ಮುದ್ದೇಬಿಹಾಳದಲ್ಲಿ ಪಂಪುಗಳ ಅಂಗಡಿಯಿಟ್ಟಿರುವ ನನ್ನ ತಂಗಿಯ ಮಗ 2020ರಲ್ಲಿ ಹರಾಜಿನಲ್ಲಿ ಒಂದು ಜಿಪ್ಸಿಯನ್ನು ಕೊಂಡು ತಂದ. ಅದು 1997ನೆಯ ಇಸವಿಯದು. ಬಣ್ಣ ಹೋಗಿತ್ತು, ಮೇಲಿನ ಬಟ್ಟೆ ಹರಿದಿತ್ತು, ಆದರೆ ಎಂಜಿನು ಗಟ್ಟಿಯಾಗಿತ್ತು. ಅವನ ತಾಯಿ ನನ್ನನ್ನು ಕರೆಸಿ, "ಅಣ್ಣಾ, ನೀನರ ಇವಗ ಬುದ್ಧಿ ಹೇಳು" ಎಂದಳು. ನಾನು ಬುದ್ಧಿ ಹೇಳಲು ಹೋದವನು ಗಾಡಿಯಲ್ಲಿ ಕುಳಿತು ಊರು ಸುತ್ತಿ ಬಂದೆ. ಅಲ್ಲಿಗೆ ನನ್ನ ಬುದ್ಧಿವಾದ ಮುಗಿಯಿತು.

ಈ ಜಾತಿಯ ಗಾಡಿಗಳಿಗೆ ಒಂದು ದೊಡ್ಡ ವಂಶಾವಳಿಯೇ ಇದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ, 1941ರ ಸುಮಾರಿಗೆ, ಅಮೇರಿಕದ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪು ಇವುಗಳ ಮೂಲಪುರುಷ. ನಾಲ್ಕೂ ಗಾಲಿಗಳಿಗೆ ಎಂಜಿನಿನ ಬಲ ಹಂಚುವ ಆ ಪುಟ್ಟ ಗಾಡಿಯನ್ನು ನಮ್ಮ ದೇಶದಲ್ಲಿ ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿದರು. ಅತ್ತ ಜಪಾನಿನಲ್ಲಿ ಸುಜುಕಿ ಕಂಪನಿ 1970ರಲ್ಲಿ ಜಿಮ್ನಿ ಎಂಬ ಇನ್ನೂ ಪುಟ್ಟ ಗಾಡಿಯನ್ನು ಹೊರತಂದಿತು. ಅದರ ಎಂಜಿನು 359 ಸಿಸಿಯದು; ಇಂದಿನ ಒಂದು ಬುಲೆಟ್ ಬೈಕಿನಷ್ಟು. ಅದೇ ವಂಶದ ಉದ್ದನೆಯ ಕುಡಿಯೊಂದನ್ನು ಮಾರುತಿಯವರು 1985ರಲ್ಲಿ ಜಿಪ್ಸಿಯೆಂದು ಕರೆದರು. ಮೊದಲು 970 ಸಿಸಿಯಿದ್ದ ಎಂಜಿನು 1996ರಲ್ಲಿ 1298 ಸಿಸಿಗೆ ಬೆಳೆಯಿತು. ಸೈನ್ಯ, ಪೊಲೀಸು, ಅರಣ್ಯ ಇಲಾಖೆ ಎಲ್ಲ ಕಡೆ ದುಡಿದು, 2019ರ ಹೊತ್ತಿಗೆ ಸಾರ್ವಜನಿಕರಿಗೆ ಜಿಪ್ಸಿಯ ಮಾರಾಟ ನಿಂತಿತು. ಅದೇ ಕಂಪನಿ 2023ರಲ್ಲಿ ಐದು ಬಾಗಿಲಿನ ಹೊಸ ಜಿಮ್ನಿಯನ್ನು ಮಾರುಕಟ್ಟೆಗೆ ತಂದರೂ ಹಳೆಯ ಜಿಪ್ಸಿಯ ಮೇಲಿನ ಮೋಹ ತರುಣರಲ್ಲಿ ಕಡಿಮೆಯಾಗಿಲ್ಲ.

ಕಾರಣ ಸರಳವಾಗಿದೆ. ಅದು ಬಿಚ್ಚಲು ಬರುವ ಗಾಡಿ. ಕೆಳಗೆ ಏಣಿಯಂತಹ ಉಕ್ಕಿನ ಚೌಕಟ್ಟು. ಹಿಂದೆ ಮುಂದೆ ಚಕ್ಕಡಿಯ ಅಚ್ಚಿನಂತಹ ಗಟ್ಟಿ ಅಚ್ಚು. ಅವೆರಡರ ನಡುವೆ ಕಮಾನುಪಟ್ಟಿಗಳು. ಕಂಪ್ಯೂಟರಿನ ಹಂಗಿಲ್ಲದೆ ನಮ್ಮೂರ ಮಿಸ್ತ್ರಿ ಬೇವಿನ ಮರದ ಕೆಳಗೆ ಕುಳಿತು ರಿಪೇರಿ ಮಾಡಬಲ್ಲ. ಬಿಚ್ಚಲು ಬರುವುದನ್ನು ಬದಲಿಸಬೇಕೆಂಬ ಆಸೆ ಮನುಷ್ಯನಿಗೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನು!

ನನ್ನ ಅಳಿಯನಿಗೂ ಆ ಆಸೆ ಹುಟ್ಟಿತು. ಗುಡ್ಡ ಹತ್ತುವ, ಹಳ್ಳ ದಾಟುವ ಗಾಡಿ ನೆಲದಿಂದ ಎತ್ತರವಾಗಿರಬೇಕು. ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿರುವ ಡಿಫರೆನ್ಷಿಯಲ್ ಎಂಬ ಗುಂಡು ಇದೆಯಲ್ಲ, ಕಲ್ಲಿಗೆ ಮೊದಲು ತಗಲುವುದು ಅದೇ. ಗಾಡಿಯನ್ನು ಎತ್ತರಿಸಲು ಎರಡು ಹಾದಿಗಳುಂಟು. ಮೊದಲನೆಯದು, ಅಚ್ಚಿನ ಕೆಳಗಿರುವ ಕಮಾನುಪಟ್ಟಿಯನ್ನು ಅಚ್ಚಿನ ಮೇಲೆ ಕೂರಿಸುವುದು. ಇದರಿಂದ ಗಾಡಿಯ ಮೈ ನಾಲ್ಕಂಗುಲಕ್ಕೂ ಮಿಕ್ಕಿ ಮೇಲೇರುತ್ತದೆ. ಆದರೆ ಡಿಫರೆನ್ಷಿಯಲ್ ಮಾತ್ರ ಇದ್ದಲ್ಲಿಯೇ ಇರುತ್ತದೆ! ಅದನ್ನು ಎತ್ತಬಲ್ಲುದು ದೊಡ್ಡ ಟಾಯರು ಒಂದೇ. ಇದು ಎರಡನೆಯ ಹಾದಿ. ಕಂಪನಿ ಕೊಟ್ಟ ಟಾಯರಿನ ಎತ್ತರ ಸುಮಾರು 668 ಮಿಲಿಮೀಟರು. ಅಳಿಯ ಹಾಕಿಸಿದ ಟಾಯರಿನ ಎತ್ತರ ಸುಮಾರು 733. ವ್ಯತ್ಯಾಸ 65 ಮಿಲಿಮೀಟರು. ಅಚ್ಚು ಏರುವುದು ಅದರ ಅರ್ಧ, ಅಂದರೆ ಒಂದೂಕಾಲು ಅಂಗುಲ. ಇಷ್ಟು ಲಾಭಕ್ಕೆ ತೆತ್ತ ಬೆಲೆ ಎಷ್ಟೆಂಬ ಲೆಕ್ಕವನ್ನು ನಾವು ಆಗ ಹಾಕಲಿಲ್ಲ.

ಅಳಿಯ ಎರಡೂ ಹಾದಿಗಳನ್ನು ಹಿಡಿದ. ಗಾಡಿ ಎತ್ತರವಾಗಿ ನಿಂತಿತು. ಮುಂದೆ ಕಬ್ಬಿಣದ ಬಂಪರು ಬಂತು, ನೆತ್ತಿಯ ಮೇಲೆ ನಾಲ್ಕು ದೀಪಗಳು ಬಂದುವು. ಊರ ಹುಡುಗರು ಸುತ್ತ ನೆರೆದರು. ನಾನೂ ಹೆಮ್ಮೆಯಿಂದ ಕಷ್ಟಪಟ್ಟು ಹತ್ತಿ ಕುಳಿತೆ. ಗೊಂಡೆ ಕಟ್ಟುವ ವಯಸ್ಸು ನನಗೆ ಇನ್ನೂ ಮುಗಿದಿರಲಿಲ್ಲವೆಂದು ಕಾಣುತ್ತದೆ.

2021ರ ಸಪ್ಟೆಂಬರಿನಲ್ಲಿ ನಾವು ಮುದ್ದೇಬಿಹಾಳದಿಂದ ತಾಳಿಕೋಟೆಯ ಕಡೆಗೆ, ಡೋಣಿ ನದಿಯ ದಂಡೆಗೆ ಹೊರಟೆವು. ಡೋಣಿ ದಂಡೆ ಬೆಳೆದರೆ ಓಣಿಯಲ್ಲೆಲ್ಲ ಕಾಳು ಎನ್ನುವ ಅರ್ಥದ ಗಾದೆ ನಮ್ಮ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಆ ಕಾಳಿಗೆ ಕಾರಣ ಅಲ್ಲಿಯ ಎರೆ. ಕಪ್ಪು ಬಸಾಲ್ಟ್ ಕಲ್ಲು ಯುಗಯುಗಾಂತರ ಸವೆದು ಆದ ಮಣ್ಣು ಅದು. ಅದರಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಮುಂಗೈ ಹೋಗುವಷ್ಟು ಅಗಲದ ಬಿರುಕು. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಯನ್ನು ಮರಳಿ ಕೊಡದಂತಹ ಹಿಡಿತ. ಸಾಹಸದ ಗಾಡಿಗಳ ಚಿತ್ರಗಳಲ್ಲಿ ನಾವು ನೋಡುವ ಮರಳಿಗೂ ಮಲೆನಾಡಿನ ಕೆಸರಿಗೂ ಇಲ್ಲದ ಒಂದು ಗುಣ ಎರೆಗಿದೆ. ಅದು ಜಾರಿಸುವುದಷ್ಟೇ ಅಲ್ಲ, ಅಂಟುತ್ತದೆ.

ಹೊಲದ ದಾರಿಯಲ್ಲಿ ನೂರು ಮಾರು ಹೋಗುವಷ್ಟರಲ್ಲಿ ಟಾಯರಿನ ಹಲ್ಲುಗಳೆಲ್ಲ ಮಣ್ಣಿನಿಂದ ತುಂಬಿ, ಅದು ಜಾರುವ ಕಪ್ಪು ಗುಂಡಾಯಿತು. ಅಳಿಯ ಲೋ ಗೇರು ಹಾಕಿದ. ಆ ಗೇರಿನಲ್ಲಿ ಗಾಲಿಗೆ ಬರುವ ತಿರುಚುಬಲ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಆದರೆ ನೆಲವೇ ಹಿಡಿಯದಿದ್ದರೆ ಬಲವೇನು ಮಾಡೀತು? ಒಂದೇ ಅಚ್ಚಿನ ಎರಡು ಗಾಲಿಗಳಲ್ಲಿ ಹಿಡಿತ ತಪ್ಪಿದ ಗಾಲಿಯೇ ತಿರುಗುತ್ತ, ಇನ್ನೊಂದು ಸುಮ್ಮನೆ ನಿಲ್ಲುವುದು ಸಾಧಾರಣ ಡಿಫರೆನ್ಷಿಯಲ್‌ನ ಸ್ವಭಾವ. ಮುಂದೆ ಒಂದು, ಹಿಂದೆ ಒಂದು ಗಾಲಿ ಗಿರಗಿರನೆ ತಿರುಗಿ, ನಮ್ಮ ಎತ್ತರದ ಗಾಡಿ ಹೊಟ್ಟೆಯ ಮಟ್ಟಕ್ಕೆ ಇಳಿದು ಶಾಂತವಾಗಿ ಕುಳಿತುಬಿಟ್ಟಿತು.

ಪಕ್ಕದ ತೊಗರಿಯ ಹೊಲದಿಂದ ಒಬ್ಬ ಮುದುಕ ಬಂದು ಬಹಳ ಹೊತ್ತು ನೋಡಿದ.

"ಎರಿ ಹಸೀ ಇದ್ದಾಗ ನಾವ ಹೊಲಕ್ಕ ಕಾಲಿಡೂದಿಲ್ಲ. ನೀವ್ಯಾಕ ಗಾಡಿ ತಂದ್ರಿ?" ಎಂದ.

ಈ ಪ್ರಶ್ನೆಗೆ ನನ್ನ ಎಂ.ಎ. ಪದವಿಯಲ್ಲಿ ಉತ್ತರವಿರಲಿಲ್ಲ. ಅವನು ಎರಡು ಜೋಡಿ ಎತ್ತು ತರಿಸಿ ಗಾಡಿಯನ್ನು ಎಳೆಸಿದ. ಅಳಿಯ ಹಣ ಕೊಡಲು ಹೋದಾಗ, "ರೊಕ್ಕ ಬ್ಯಾಡ್ರಿ. ಎತ್ತಿಗೆ ಒಂದು ಚೀಲ ಹಿಂಡಿ ಕೊಡಸ್ರಿ, ದುಡದದ್ದು ಅವು" ಎಂದ.

ಇಷ್ಟಕ್ಕೇ ಮುಗಿದಿದ್ದರೆ ಇದು ನಗೆಯ ಪ್ರಸಂಗವಾಗುತ್ತಿತ್ತು. ಅನಾಹುತ ಕಾದಿದ್ದುದು ಕೆಸರಿನಲ್ಲಲ್ಲ, ಡಾಂಬರು ರಸ್ತೆಯಲ್ಲಿ. ಸಂಜೆ ಮರಳುವಾಗ ಒಂದು ತಿರುವಿನಲ್ಲಿ ಸೈಕಲ್ಲಿನ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಅಡ್ಡ ಬಂದ. ಅಳಿಯ ಬ್ರೇಕು ಒತ್ತಿದ. ಗಾಡಿ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಹುಡುಗನನ್ನು ತಪ್ಪಿಸಲು ಚಕ್ರ ತಿರುವಿದ. ಗಾಡಿ ಒಮ್ಮೆ ವಾಲಿ, ಯೋಚಿಸಿದಂತೆ ಒಂದು ಕ್ಷಣ ತಡೆದು, ರಸ್ತೆಯ ಬದಿಯ ತಗ್ಗಿಗೆ ಮಗ್ಗುಲಾಗಿ ಬಿದ್ದಿತು. ಹುಡುಗ ಅಳುತ್ತ ನಿಂತಿದ್ದ; ಅವನಿಗೆ ಒಂದು ಗೀರೂ ಆಗಿರಲಿಲ್ಲ. ಆ ಅಳುವಿನಷ್ಟು ಇಂಪಾದ ಸ್ವರವನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಅಳಿಯನ ಹಣೆಗೆ ಪೆಟ್ಟು, ನನ್ನ ಎಡಗೈ ಮುರಿತ, ಅಷ್ಟಕ್ಕೇ ಪಾರಾದೆವು. ಅಳಿಯ ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ.

ಗಾಡಿಯನ್ನು ಪರೀಕ್ಷಿಸಿದ ಹಿರಿಯ ಮಿಸ್ತ್ರಿ ನನ್ನ ಪ್ಲಾಸ್ಟರು ಹಾಕಿದ ಕೈಯನ್ನೂ ಗಾಡಿಯನ್ನೂ ಸಮನಾಗಿ ನೋಡಿ, "ಮಾಸ್ತರ, ಗಾಡೀನ ಮುಗಲಿಗೆ ಏರಿಸೀರಿ. ಬ್ರೇಕ್ ಮಾತ್ರ ನೆಲದಾಗ ಬಿಟ್ಟೀರಿ" ಎಂದ.

ಅವನು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಗಾಲಿ ದೊಡ್ಡದಾದಷ್ಟೂ ಅದನ್ನು ತಡೆಯಲು ಬ್ರೇಕಿಗೆ ಹೆಚ್ಚು ಬಲ ಬೇಕು. ನಮ್ಮ ಟಾಯರಿನ ಲೆಕ್ಕದಲ್ಲಿ ಅದೇ ಒತ್ತಿಗೆ ನೆಲದ ಮೇಲೆ ಸಿಗುವ ತಡೆ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಟಾಯರಿನ ಹೆಚ್ಚಿನ ತೂಕ ಇದರ ಮೇಲಿನ ಸಾಲ. ವೇಗದ ಮುಳ್ಳೂ ಸುಳ್ಳು ಹೇಳುತ್ತದೆ. ಅದು 50 ತೋರಿಸಿದಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ. ಎಂಜಿನಿಗೆ ಗೇರುಗಳೆಲ್ಲ ಭಾರವಾಗುತ್ತವೆ. ಮೈ ಮೇಲೇರಿದಂತೆ ಭಾರದ ಕೇಂದ್ರವೂ ಮೇಲೇರಿ, ತಿರುವಿನಲ್ಲಿ ಗಾಡಿ ಬೇಗ ಮಗುಚುತ್ತದೆ. ನೆತ್ತಿಯ ಮೇಲಿನ ದೀಪಗಳೂ ಆ ಪಾಪದಲ್ಲಿ ಪಾಲುಗಾರರು. ಒಂದನ್ನು ಬದಲಿಸಿದವನು ಅದಕ್ಕೆ ಅಂಟಿದ ಹತ್ತನ್ನು ಬದಲಿಸಬೇಕು. ಇಲ್ಲವೆ ಯಾವುದನ್ನೂ ಮುಟ್ಟಬಾರದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿ ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತಿರಿಕ್ತವಾಗಿ ಮಾಲಿಕನು ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸವನ್ನು ಗೊತ್ತುಮಾಡಿತು. ಈ ಕಟ್ಟಳೆ ತರುಣರ ಉತ್ಸಾಹಕ್ಕೆ ತಣ್ಣೀರೆಂದು ಮೊದಲು ನನಗೂ ತೋರಿತ್ತು. ಆ ಹುಡುಗನ ಸೈಕಲ್ಲು ನೆನಪಾದಾಗಲೆಲ್ಲ ಈಗ ಹಾಗೆ ತೋರುವುದಿಲ್ಲ. ರಸ್ತೆ ಗಾಡಿಯ ಒಡೆಯನೊಬ್ಬನದೇ ಅಲ್ಲ.

ಅಳಿಯ ಗಾಡಿಯನ್ನು ಮಾರಲಿಲ್ಲ, ಮರಳಿ ಕಟ್ಟಿದ. ಕಮಾನುಪಟ್ಟಿಗಳು ಅಚ್ಚಿನ ಕೆಳಗೆ ಹಿಂದಿರುಗಿದುವು. ಬಳಲಿದ ಪಟ್ಟಿಗಳನ್ನು ಬದಲಿಸಿ ಹೊಸ ಬುಶ್ಶುಗಳನ್ನು ಹಾಕಿದ್ದರಿಂದಲೇ ಕುಗ್ಗಿದ್ದ ಗಾಡಿ ತನ್ನ ಮೂಲದ ಎತ್ತರಕ್ಕೆ ಬಂದಿತು. ಬ್ರೇಕಿನ ಕೊಳವೆಯಿಂದ ಹಿಡಿದು ಶೂಗಳವರೆಗೆ ಎಲ್ಲ ಹೊಸದಾಯಿತು. ಟಾಯರು ಕಂಪನಿಯ ಅಳತೆಯದೇ, ಹಲ್ಲು ಮಾತ್ರ ಆಳವಾದದ್ದು. ದೀಪಗಳು ಇಳಿದುವು. ಗಾಡಿಯಲ್ಲಿ ಒಂದು ಸಲಿಕೆ, ಗಟ್ಟಿ ಹಗ್ಗ, ಗಾಳಿ ತುಂಬುವ ಸಣ್ಣ ಪಂಪು, ಒತ್ತಡ ಅಳೆಯುವ ಮಾಪಕ ಇವು ಸೇರಿದುವು. ಸಡಿಲ ನೆಲದಲ್ಲಿ ಟಾಯರಿನ ಗಾಳಿ ಇಳಿಸಿದರೆ ಅದು ಉದ್ದಕ್ಕೆ ಹರಡಿ ಹೆಚ್ಚು ನೆಲ ಹಿಡಿಯುತ್ತದೆ. ಡಾಂಬರು ಸಿಕ್ಕೊಡನೆ ಮತ್ತೆ ತುಂಬಬೇಕು. ಸಾವಿರಾರು ರೂಪಾಯಿಯ ಮಾರ್ಪಾಟು ಕೊಡದ ಉಪಕಾರವನ್ನು ಕಾಸು ಖರ್ಚಿಲ್ಲದ ಈ ಉಪಾಯ ಕೊಡುತ್ತದೆ.

2024ರ ಫೆಬ್ರವರಿಯಲ್ಲಿ ಅದೇ ಗಾಡಿಯಲ್ಲಿ ನಾವು ಜಿಲ್ಲೆಯನ್ನು ಸುತ್ತಿದೆವು. ಇಂಡಿಯಲ್ಲಿ, ಹಿಂದಿನ ವರ್ಷವಷ್ಟೇ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದ್ದ ನಿಂಬೆಯ ತೋಟಗಳ ನಡುವೆ ಹಾದು ಭೀಮೆಯ ದಂಡೆಗೆ ಹೋದೆವು. ಸಿಂದಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಗಾಡಿಯನ್ನು ಮುಟ್ಟಿ ನೋಡಿದರು. ಬಸವನ ಬಾಗೇವಾಡಿಯಲ್ಲಿ ಬಸವಣ್ಣನವರ ನೆಲಕ್ಕೆ ನಮಿಸಿ ಆಲಮಟ್ಟಿಯ ಕಡೆಗೆ ನಡೆದೆವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಅಣೆಕಟ್ಟು ಅದು. ಹಿನ್ನೀರು ಇಳಿಯತೊಡಗಿತ್ತು. ನೀರಿನಂಚಿನವರೆಗೆ ಕಪ್ಪು ನೆಲ ನುಣ್ಣಗೆ ಹರಡಿ, ಗಾಡಿಯನ್ನು ಕೈಬೀಸಿ ಕರೆಯುವಂತಿತ್ತು.

ಅಳಿಯ ಗಾಡಿ ನಿಲ್ಲಿಸಿ ಇಳಿದ. ಹತ್ತು ಹೆಜ್ಜೆ ಮುಂದೆ ಹೋಗಿ ಹಿಮ್ಮಡಿಯಿಂದ ನೆಲವನ್ನು ಒತ್ತಿದ. ಮೇಲಿನ ಒಣ ಪದರು ಒಡೆದು ಒಳಗಿನ ಹಸಿ ಎರೆ ಕಾಲಿಗೆ ಮೆತ್ತಿಕೊಂಡಿತು.

"ಮಾಮಾ, ಇಲ್ಲಿಂದ ನಡಕೊಂಡ ಹೋಗೂಣು" ಎಂದ.

ನಡೆದೆವು. ದೂರದಲ್ಲಿ ಕೊಕ್ಕರೆಗಳು ನಿಂತಿದ್ದುವು. ನೀರಿನ ಮೇಲಿನ ಗಾಳಿ ತಂಪಾಗಿತ್ತು. ಗಾಡಿಯಲ್ಲಿ ಬಂದಿದ್ದರೆ ಆ ಕೊಕ್ಕರೆಗಳು ನಮಗೆ ಕಾಣುವ ಮೊದಲೇ ಹಾರಿಹೋಗುತ್ತಿದ್ದುವು.

ಮರಳಿ ಹೊರಡುವಾಗ ಹೊತ್ತು ಇಳಿದಿತ್ತು. ಅಳಿಯ ಕೀಲಿಕೈಯನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಗಾಡಿಯ ಸುತ್ತ ಒಮ್ಮೆ ಬಂದ. ಪ್ರತಿ ಗಾಲಿಯ ಹತ್ತಿರ ಬಗ್ಗಿ ನಟ್ಟುಗಳನ್ನು ಮುಟ್ಟಿದ, ಬ್ರೇಕಿನ ಎಣ್ಣೆ ಸೋರಿದೆಯೇ ಎಂದು ಬೆರಳಿನಿಂದ ಒರೆಸಿ ನೋಡಿದ, ಆಮೇಲೆ ಹತ್ತಿ ಕುಳಿತ. ನನ್ನ ಅಜ್ಜನನ್ನು ಅವನು ಕಂಡವನಲ್ಲ. ಕಡಾಣಿಯ ಕಥೆಯನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ.