ಹಳೆಯ ಕಾರಿಗೆ ಬೇಕು ಹೊಸ ಶಿಸ್ತು: ಮುಂಜಾಗ್ರತಾ ನಿರ್ವಹಣೆಯ ಲಾಭ-ನಷ್ಟ

ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಯಿಂದ ಬರುವವರಿಗೆ ಗಬ್ಬೂರ ಹುಬ್ಬಳ್ಳಿಯ ಹೆಬ್ಬಾಗಿಲು. ಇಲ್ಲಿ ಒಂದು ಕವಲು ನಗರದೊಳಕ್ಕೆ ಸಾಗಿದರೆ, ಇನ್ನೊಂದು ಬೈಪಾಸ್ ಹಿಡಿದು ಧಾರವಾಡದ ನರೇಂದ್ರದ ಕಡೆಗೆ ಹೋಗುತ್ತದೆ. ಹಗಲಿರುಳು ಹರಿಯುವ ಲಾರಿ-ಬಸ್ಸುಗಳ ನಡುವೆ ಹತ್ತು-ಹದಿನೈದು ವರ್ಷ ದುಡಿದ ಕಾರುಗಳೂ ಕಡಿಮೆಯಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೋ ಹಾವೇರಿ, ದಾವಣಗೆರೆಯ ಗಿರಾಕಿಗಳ ಬಳಿಗೋ ಹೊರಟ ವ್ಯಾಪಾರಸ್ಥನಿಗೆ ಕಾರು ಪ್ರತಿಷ್ಠೆಯ ವಸ್ತುವಲ್ಲ. ತಕ್ಕಡಿಯಂತೆ ಅದೂ ವ್ಯವಹಾರದ ಸಾಧನ. ಅದು ಹೆದ್ದಾರಿಯ ಅಂಚಿನಲ್ಲಿ ಕೈಕೊಟ್ಟು ನಿಂತರೆ ನಷ್ಟವಾಗುವುದು ಎಳೆದೊಯ್ಯುವ ಬಾಡಿಗೆ ಮಾತ್ರವಲ್ಲ. ಆ ದಿನದ ವ್ಯವಹಾರವೂ, ಕೆಲವೊಮ್ಮೆ ಗಿರಾಕಿಯ ವಿಶ್ವಾಸವೂ ಕೈತಪ್ಪುತ್ತದೆ.

‘ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ’ ಎಂಬ ಗಾದೆ ಹಳೆಯ ಕಾರಿಗೆ ಚೆನ್ನಾಗಿ ಒಪ್ಪುತ್ತದೆ.

ಲೆಕ್ಕಪುಸ್ತಕದ ಬೆಲೆ, ದುಡಿಮೆಯ ಬೆಲೆ

ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರದ ಕಾರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರಂತೆ, ಉಳಿದ ಮೌಲ್ಯದ ಮೇಲೆ ಸವಕಳಿ ದೊರೆಯುತ್ತದೆ. 5 ಲಕ್ಷ ರೂಪಾಯಿಯ ಕಾರು ಹತ್ತು ವರ್ಷಗಳ ಬಳಿಕ ಪುಸ್ತಕದಲ್ಲಿ ಸುಮಾರು 98 ಸಾವಿರಕ್ಕೆ ಇಳಿದಿರುತ್ತದೆ. ಆದರೆ ಪುಸ್ತಕದಲ್ಲಿ ಸವೆದಷ್ಟು ಕಾರು ರಸ್ತೆಯಲ್ಲಿ ಸವೆದಿರಬೇಕೆಂದೇನೂ ಇಲ್ಲ. ಶಿಸ್ತಿನಿಂದ ನೋಡಿಕೊಂಡ ಎಂಜಿನ್ ಆ ಹೊತ್ತಿಗೂ ಗಟ್ಟಿಯಾಗಿಯೇ ಇರಬಲ್ಲದು.

ಇದಕ್ಕೆದುರಾಗಿ ಹೊಸ ಕಾರಿನ ಲೆಕ್ಕವನ್ನು ನೋಡಬಹುದು. ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ 6 ಲಕ್ಷ ಸಾಲ ಪಡೆದರೆ ಮಾಸಿಕ ಕಂತು ಸುಮಾರು 12,450 ರೂಪಾಯಿ, ಅಂದರೆ ವರ್ಷಕ್ಕೆ ಒಂದೂವರೆ ಲಕ್ಷ. ಬಡ್ಡಿಯೇ ಒಟ್ಟು 1.47 ಲಕ್ಷದಷ್ಟಾಗುತ್ತದೆ. ಹಳೆಯ ಕಾರಿನ ವಾರ್ಷಿಕ ನಿರ್ವಹಣಾ ವೆಚ್ಚವನ್ನು ಈ ಮೊತ್ತದೊಂದಿಗೆ ಹೋಲಿಸಿ ನೋಡುವುದು ಯೋಗ್ಯ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇ. 18 ಆಗಿದ್ದು, ಅದುವರೆಗೆ ಶೇ. 28ರ ವರ್ಗದಲ್ಲಿದ್ದ ಭಾಗಗಳ ತೆರಿಗೆಯ ಹೊರೆ ತಗ್ಗಿದೆ.

ವಯಸ್ಸಾಗುವುದು ಯಾವುದಕ್ಕೆ?

‘ಕಾರು ಹೆಚ್ಚು ಓಡಿಲ್ಲ, ಆದ್ದರಿಂದ ಸರ್ವಿಸ್ ಬೇಡ’ ಎಂಬ ತಿಳಿವಳಿಕೆ ಸಾಮಾನ್ಯ. ಇದು ಅರ್ಧಸತ್ಯ. ಉಕ್ಕಿನ ಭಾಗಗಳು ಓಡಿದ ಕಿಲೋಮೀಟರಿಗೆ ತಕ್ಕಂತೆ ಸವೆಯುತ್ತವೆ. ರಬ್ಬರ್ ಭಾಗಗಳೂ ತೈಲ-ದ್ರವಗಳೂ ನಿಂತಲ್ಲಿಯೇ ಮುಪ್ಪಾಗುತ್ತವೆ. ಹಳೆಯ ಕಾರು ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಈ ಅಗ್ಗದ ಭಾಗಗಳಿಂದಲೇ.

ತಂಪಾಗಿಸುವ ವ್ಯವಸ್ಥೆಯೇ ಇದಕ್ಕೆ ಉತ್ತಮ ನಿದರ್ಶನ. ಬಿರುಕುಬಿಟ್ಟ ಹೋಸ್ ಪೈಪಿನಿಂದ ಕೂಲಂಟ್ ಹನಿಹನಿಯಾಗಿ ಸೋರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಕಾದು ಮುಳ್ಳು ಮೇಲೇರಿದರೂ ‘ಊರು ಸೇರಿದರೆ ಸಾಕು’ ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಪೈಪಿನ ಖರ್ಚು ಕೆಲವು ನೂರು ರೂಪಾಯಿ. ಎಂಜಿನ್ ಬಿಚ್ಚುವ ಖರ್ಚು ಹತ್ತಾರು ಸಾವಿರ. ರೇಡಿಯೇಟರಿಗೆ ಬರಿಯ ಬೋರ್‌ವೆಲ್ ನೀರು ಸುರಿಯುವ ರೂಢಿಯೂ ಹಾನಿಕರ. ಗಡಸು ನೀರಿನ ಲವಣ ಒಳಗೆ ಪದರುಗಟ್ಟಿ ಸೂಕ್ಷ್ಮ ನಾಳಗಳನ್ನು ಕಟ್ಟಿಹಾಕುತ್ತದೆ.

ಟೈಮಿಂಗ್ ಬೆಲ್ಟ್ ಇನ್ನೊಂದು ಮೌನ ಶತ್ರು. ಇದು ಹರಿಯುವ ಮುನ್ನ ಸದ್ದು ಮಾಡಬೇಕೆಂದಿಲ್ಲ. ಹರಿದರೆ ಅನೇಕ ಎಂಜಿನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಲ್ಲವೂ ಹಾಳಾಗುತ್ತದೆ. ಎಲ್ಲ ಕಾರುಗಳಲ್ಲೂ ಬೆಲ್ಟ್ ಇರುವುದಿಲ್ಲ. ಕೆಲವಕ್ಕೆ ಚೈನ್ ಇರುತ್ತದೆ. ಯಾವುದಿದೆ, ಬದಲಿಸುವ ಅವಧಿ ಎಷ್ಟು ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿ ತಿಳಿಯಬೇಕು.

ಘಟ್ಟದ ಇಳಿಜಾರಿನಲ್ಲಿ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವವರು ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಇಳಿಯಬೇಕು. ಲಾಭ-ನಷ್ಟದ ಮಾತು ಇಲ್ಲಿಗೆ ಮುಗಿದು ಜೀವದ ಪ್ರಶ್ನೆ ಆರಂಭವಾಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್-4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವ ಸೇರಿದಾಗ ಅದು 155 ಡಿಗ್ರಿಯ ಮಟ್ಟಕ್ಕೆ ಕುಸಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಇಳಿದರೆ ಚಕ್ರದ ಬಳಿ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆಗಳು ಒತ್ತಡವನ್ನು ಸಾಗಿಸದ ಕಾರಣ ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲದು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು, ಕೆಳಗಿನ ಗೇರಿನಲ್ಲಿ ಘಟ್ಟ ಇಳಿಯುವುದು ಇದಕ್ಕಿರುವ ಸರಳ ಪರಿಹಾರ.

ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು ಎಂದರ್ಥ. ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದ ಟೈರನ್ನು ಬದಲಿಸಲೇಬೇಕು. ಆಳವಿದ್ದರೂ ಪಕ್ಕದ ರಬ್ಬರ್ ಬಿರುಕುಬಿಟ್ಟಿದ್ದರೆ ಹೆದ್ದಾರಿಯ ವೇಗಕ್ಕೆ ಅದು ತಕ್ಕುದಲ್ಲ. ಸ್ಟೆಪ್ನಿಯನ್ನೂ ಇದೇ ಕಣ್ಣಿನಿಂದ ನೋಡಬೇಕು.

ಇಂಧನ ಬದಲಾಗಿದೆ

ಈಗ ದೇಶದಾದ್ಯಂತ ದೊರೆಯುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. 2023ಕ್ಕಿಂತ ಹಿಂದಿನ ಅನೇಕ ಕಾರುಗಳ ಇಂಧನ ಪೈಪು, ಸೀಲುಗಳು ಈ ಮಿಶ್ರಣಕ್ಕೆಂದು ರೂಪಿತವಾದವಲ್ಲ. ಪೈಪುಗಳು ಮೆತ್ತಗಾಗಿವೆಯೇ, ಎಂಜಿನ್ ಬಳಿ ಪೆಟ್ರೋಲ್ ವಾಸನೆ ಬರುತ್ತಿದೆಯೇ ಎಂದು ಪ್ರತಿ ಸರ್ವಿಸಿನಲ್ಲೂ ಪರಿಶೀಲಿಸುವುದು ಅವಶ್ಯ. ಎಥೆನಾಲ್ ತೇವ ಹೀರುವುದರಿಂದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಉಳಿಸಿ ಕಾರನ್ನು ನಿಲ್ಲಿಸುವುದು ಸರಿಯಲ್ಲ.

ಎರೆಭೂಮಿಯ ಧೂಳಿನಲ್ಲಿ ಓಡುವ ಕಾರಿಗೆ ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಬೇಗನೆ ಬದಲಿಸಬೇಕು. ಮಳೆಗಾಲಕ್ಕೆ ಮುನ್ನ ವೈಪರ್, ದೀಪ, ವೈರಿಂಗ್‌ಗಳನ್ನು ನೋಡಿಸಬೇಕು. ಎಂಜಿನ್ ನಿಂತಿರುವಾಗ ಬ್ಯಾಟರಿ ಸುಮಾರು 12.6 ವೋಲ್ಟ್, ಓಡುವಾಗ 14ರ ಆಸುಪಾಸು ತೋರಿಸಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ದಾಖಲೆಯೇ ಬಂಡವಾಳ

ಅಂಗಡಿಗೆ ಖಾತೆಪುಸ್ತಕ ಇರುವಂತೆ ಕಾರಿಗೂ ಒಂದು ನೋಟ್‌ಬುಕ್ ಬೇಕು. ದಿನಾಂಕ, ಕಿಲೋಮೀಟರ್, ಬದಲಿಸಿದ ಭಾಗ, ಬಿಲ್ಲಿನ ಮೊತ್ತ ಇವಿಷ್ಟು ಬರೆದಿಟ್ಟರೆ ಮುಂದೇನು ಬರಲಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಮಾರುವಾಗಲೂ ಆ ಪುಸ್ತಕಕ್ಕೆ ಬೆಲೆಯುಂಟು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅವಧಿ ಮುಗಿಯುವ 60 ದಿನಗಳ ಒಳಗಾಗಿ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ವಾಹನವನ್ನು ತಪಾಸಣೆಗೆ ಒಡ್ಡಿದ ಮೇಲೆ ಐದು ವರ್ಷಗಳ ಅವಧಿಗೆ ನವೀಕರಣ ದೊರೆಯುತ್ತದೆ. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ತಿದ್ದುಪಡಿಯಲ್ಲಿ 10,000 ರೂಪಾಯಿ ನಿಗದಿಯಾಯಿತು. ರಾಜ್ಯದ ಹಸಿರು ತೆರಿಗೆ ಇದಕ್ಕೆ ಪ್ರತ್ಯೇಕ.

ಬೀಳ್ಕೊಡುವ ಸಮಯ

ಎಲ್ಲ ಕಾರನ್ನೂ ಉಳಿಸಿಕೊಳ್ಳಬೇಕೆಂದಿಲ್ಲ. ಚಾಸಿಗೆ ತುಕ್ಕು ತಿಂದಿದ್ದರೆ, ಎಂಜಿನ್ ಆಯಿಲ್ ಸುಟ್ಟು ನೀಲಿ ಹೊಗೆ ಬರುತ್ತಿದ್ದರೆ, ವರ್ಷದ ರಿಪೇರಿ ಖರ್ಚು ಕಾರಿನ ಮಾರಾಟ ಬೆಲೆಯನ್ನೇ ಮುಟ್ಟುತ್ತಿದ್ದರೆ ಮೋಹ ಸಲ್ಲದು. 2021ರಲ್ಲಿ ಆರಂಭವಾದ ಗುಜರಿ ನೀತಿಯಂತೆ ನೋಂದಾಯಿತ ಕೇಂದ್ರಕ್ಕೆ ಕಾರನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯಬಹುದು.

ಅಲ್ಲಿಯವರೆಗೆ ನಿಯಮ ಒಂದೇ: ಕೆಟ್ಟ ಮೇಲೆ ಗ್ಯಾರೇಜಿಗೆ ಒಯ್ಯುವ ಬದಲು ಕೆಡುವ ಮುನ್ನವೇ ಒಯ್ಯುವುದು. ಗಬ್ಬೂರ ದಾಟಿ ಬೈಪಾಸಿಗೆ ಇಳಿಯುವ ಮುನ್ನ ಬಾನೆಟ್ ಎತ್ತಿ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಬೆಲ್ಟ್ ನೋಡುವ ಐದು ನಿಮಿಷ ವ್ಯಾಪಾರಸ್ಥನ ದಿನದ ಅತ್ಯಂತ ಲಾಭದಾಯಕ ಐದು ನಿಮಿಷವಾಗಬಹುದು.